ಒಂದೇ ಪದರದ ಹೈಸನ್‌ಬರ್ಗ್ ಫಿಲ್ಮ್‌ನಲ್ಲಿ ಕಾಂತತೆ ಕಾಣುತ್ತಿದೆ. ಕಾಣಬಾರದಲ್ವಾ?

ಎಳೆಬಿಸಿಲು
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ವಿಷಯ ತೆಳು ಕಾಂತೀಯ ಫಿಲ್ಮ್‌ಗಳಲ್ಲಿ ಫೇಸ್ ಟ್ರಾನ್ಸಿಶನ್, ಅಂದರೆ ಬಿಸಿ ಏರಿದಾಗ ಕಾಂತತೆ ಅಳಿದುಹೋಗುವ ಘಟ್ಟ. ಚೌಕ ಲ್ಯಾಟಿಸ್ (ಚೌಕಗಳ ಜಾಲ) ಮೇಲೆ ಸ್ಪಿನ್‌ಗಳನ್ನು, ಅಂದರೆ ಪರಮಾಣುಗಳ ಪುಟ್ಟ ಅಯಸ್ಕಾಂತಗಳನ್ನು, ಇಟ್ಟು ಮಾಂಟೆ ಕಾರ್ಲೊ (ಯಾದೃಚ್ಛಿಕ ಸಂಖ್ಯೆಗಳಿಂದ ನಡೆಸುವ ಸಿಮ್ಯುಲೇಶನ್) ಓಡಿಸುತ್ತೇನೆ. ಪ್ರತಿ ಸ್ಪಿನ್ ಯಾವ ದಿಕ್ಕಿಗೆ ಬೇಕಾದರೂ ತಿರುಗಬಲ್ಲ ಬಾಣ, ಅಂದರೆ ಹೈಸನ್‌ಬರ್ಗ್ ಮಾದರಿ. ಪಕ್ಕದ ಸ್ಪಿನ್‌ಗಳ ಜೊತೆ ಮಾತ್ರ ಸಂಬಂಧ, ಅದರ ಬಲ ಜೆ. ತಾಪಮಾನವನ್ನೂ ಜೆ ಲೆಕ್ಕದಲ್ಲೇ ಬರೆಯುತ್ತೇನೆ.

ತೊಂದರೆ ಇಷ್ಟು. ಎರಡು ಆಯಾಮದಲ್ಲಿ ಈ ಮಾದರಿಗೆ ಸೊನ್ನೆಗಿಂತ ಮೇಲಿನ ಯಾವ ತಾಪಮಾನದಲ್ಲೂ ಕಾಂತತೆ ನಿಲ್ಲುವುದಿಲ್ಲ ಎಂದು ಮರ್ಮಿನ್ ಮತ್ತು ವಾಗ್ನರ್ 1966ರಲ್ಲೇ ಸಾಧಿಸಿದ್ದಾರೆ. ಆದರೆ ನನ್ನ 32×32 ಲ್ಯಾಟಿಸ್‌ನಲ್ಲಿ ತಾಪಮಾನ 0.5 ಇಟ್ಟರೆ ಕಾಂತತೆ ಅರ್ಧಕ್ಕಿಂತ ಜಾಸ್ತಿ ಬರುತ್ತದೆ. ಎಷ್ಟು ಹೊತ್ತು ಓಡಿಸಿದರೂ ಇಳಿಯುವುದಿಲ್ಲ. ಕೋಡ್‌ನಲ್ಲಿ ಏನಾದರೂ ಎಡವಟ್ಟಾಗಿದೆಯಾ?

ಕೋಡ್_ಕಟ್ಟೆ
ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಕೋಡ್‌ನಲ್ಲಿ ಸ್ಪಿನ್ ಬದಲಿಗೆ ಪ್ಲಸ್ ಒಂದು, ಮೈನಸ್ ಒಂದು ಮಾತ್ರ ಇಟ್ಟು ಐಸಿಂಗ್ ಓಡಿಸಿ. 2.269ರ ಹತ್ತಿರ ಟ್ರಾನ್ಸಿಶನ್ ಸಿಗಬೇಕು. ಆನ್‌ಸಾಗರ್ 1944ರಲ್ಲಿ ಕೊಟ್ಟ ನಿಖರ ಉತ್ತರ ಅದು: 2 ಭಾಗಿಸು ಲಾಗ್ (1 + ಮೂಲ 2). ಅದು ಸರಿ ಬಂದರೆ ನಿಮ್ಮ ನೆರೆಹೊರೆ ಪಟ್ಟಿ, ಅಂಚು ಜೋಡಣೆ ಎಲ್ಲಾ ಸರಿ ಇದೆ ಅಂತ.

ಎಳೆಬಿಸಿಲು
ಮಾಡಿದ್ದೇನೆ ಸರ್. ಸರಿಯಾಗಿ ಬರುತ್ತದೆ.

ತುಂಗೆಯ_ದಡ
ಹಾಗಾದರೆ ಕೋಡ್ ಬಿಡಿ, ಅದು ಚೆನ್ನಾಗಿಯೇ ಇದೆ. ನಿಮ್ಮ ಲ್ಯಾಟಿಸ್ ಚಿಕ್ಕದು, ಅಷ್ಟೇ.

ಪ್ರಮೇಯ ಹೇಳುವುದು ಕೊನೆಯಿಲ್ಲದ ಲ್ಯಾಟಿಸ್ ಬಗ್ಗೆ. ನೀವು ನೋಡಬೇಕಾದದ್ದು ಕೊರಿಲೇಶನ್ ಉದ್ದ. ಒಂದು ಸ್ಪಿನ್ ಈ ಕಡೆ ತಿರುಗಿದೆ ಅನ್ನುವ ಸುದ್ದಿ ಎಷ್ಟು ದೂರದ ಸ್ಪಿನ್‌ವರೆಗೆ ಮುಟ್ಟುತ್ತದೆ ಅನ್ನುವ ಅಳತೆ ಅದು. ಒಂದು ಪದರದ ಹೈಸನ್‌ಬರ್ಗ್ ಮಾದರಿಯಲ್ಲಿ ತಾಪಮಾನ 0.67 ಇದ್ದಾಗ ಈ ಉದ್ದ ಸುಮಾರು 11 ಲ್ಯಾಟಿಸ್ ಅಂತರ. 0.56ಕ್ಕೆ ಇಳಿಸಿದರೆ ಸುಮಾರು 65. ನೀವು ಇಟ್ಟಿರುವ 0.5ಕ್ಕೆ ನೂರು ದಾಟಿಬಿಟ್ಟಿರುತ್ತದೆ. 0.4ಕ್ಕೆ ಬಂದರೆ ಸಾವಿರಗಳ ಲೆಕ್ಕ. ಇಳಿಯುವ ತಾಪಮಾನಕ್ಕೆ ಅದು ಎಕ್ಸ್‌ಪೊನೆನ್ಶಿಯಲ್ ಆಗಿ ಬೆಳೆಯುತ್ತದೆ. ನೂರು ದಾಟಿದ ಉದ್ದದ ಎದುರು ನಿಮ್ಮ 32 ಏನೂ ಅಲ್ಲ. ಇಡೀ ಲ್ಯಾಟಿಸ್ ಒಂದೇ ತುಂಡಿನ ಹಾಗೆ ವರ್ತಿಸುತ್ತದೆ. 16, 32, 64, 128 ಅಂತ ಗಾತ್ರ ಏರಿಸುತ್ತಾ ಹೋಗಿ. ಕಾಂತತೆ ಮೆಲ್ಲಗೆ ಇಳಿಯುವುದು ಕಾಣುತ್ತದೆ. ಮೆಲ್ಲಗೆ ಅಂದರೆ ತುಂಬಾನೇ ಮೆಲ್ಲಗೆ.

ಪ್ರಮೇಯದ ಒಳಗುಟ್ಟು ಬೇಕಾದರೆ ಒಂದು ಸಣ್ಣ ಲೆಕ್ಕ ಸಾಕು. ಎಲ್×ಎಲ್ ತುಂಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವಷ್ಟರಲ್ಲಿ ಸ್ಪಿನ್‌ಗಳನ್ನು ನಿಧಾನವಾಗಿ 180 ಡಿಗ್ರಿ ತಿರುಗಿಸಿ. ಪ್ರತಿ ಜೋಡಿಯ ನಡುವಿನ ಕೋನ ಪೈ ಭಾಗಿಸು ಎಲ್. ಒಂದು ಜೋಡಿಗೆ ತಗಲುವ ಶಕ್ತಿ ಆ ಕೋನದ ವರ್ಗಕ್ಕೆ ತಕ್ಕಂತೆ, ಅಂದರೆ ಎಲ್ ವರ್ಗದಿಂದ ಭಾಗಿಸಿದಷ್ಟು. ಒಟ್ಟು ಜೋಡಿಗಳು ಎಲ್ ವರ್ಗದಷ್ಟು. ಗುಣಿಸಿದರೆ ಎಲ್ ಮಾಯ! ತುಂಡು ಎಷ್ಟೇ ದೊಡ್ಡದಿರಲಿ, ತಿರುಗಿಸುವ ಖರ್ಚು ಅಷ್ಟೇ. ಮೂರು ಆಯಾಮದಲ್ಲಿ ಈ ಖರ್ಚು ಎಲ್ ಜೊತೆ ಬೆಳೆಯುತ್ತದೆ, ಅದಕ್ಕೇ ಅಲ್ಲಿ ಕಾಂತತೆ ಉಳಿಯುತ್ತದೆ. ಇದು ಪೂರ್ತಿ ಸಾಧನೆ ಅಲ್ಲ, ಆದರೆ ವೈವಾದಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಲು ಚೆನ್ನಾಗಿದೆ.

ಸುಮ್ನೆ_ಓದುಗ
ನಾನು ಭೌತಶಾಸ್ತ್ರದವನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಎರಡು ಆಯಾಮದಲ್ಲಿ ಕಾಂತತೆ ಇಲ್ಲ ಅಂತ ಗಣಿತವೇ ಹೇಳಿದ ಮೇಲೆ ಒಂದೇ ಪದರದ ಅಯಸ್ಕಾಂತ ಸಿಕ್ಕಿದೆ ಅಂತ ಸುದ್ದಿ ಬಂದಿತ್ತಲ್ಲ?

ನಿರ್ವಾತ_ಕೋಣೆ
ಬಂದಿತ್ತು, ನಿಜವೂ ಹೌದು. 2017ರಲ್ಲಿ ಕ್ರೋಮಿಯಂ ಟ್ರೈಅಯೊಡೈಡ್ ಒಂದೇ ಪದರದಲ್ಲಿ ಸುಮಾರು 45 ಕೆಲ್ವಿನ್‌ವರೆಗೆ ಕಾಂತತೆ ಉಳಿಸಿಕೊಂಡಿತು. ದಪ್ಪ ಹರಳಿನಲ್ಲಿ ಅದು 61 ಕೆಲ್ವಿನ್. ಆದರೆ ಲೋಹದ ಫಿಲ್ಮ್ ಬೆಳೆಸುವ ನಮ್ಮಂಥವರಿಗೆ ಒಂದು ಪದರದ ಕಾಂತತೆ ಅಷ್ಟು ಹೊಸ ಸುದ್ದಿ ಏನಲ್ಲ. ಟಂಗ್‌ಸ್ಟನ್ ಮೇಲೆ ಕಬ್ಬಿಣ ಕೂರಿಸುವ ಕೆಲಸ ಅದಕ್ಕೂ ದಶಕಗಳ ಹಿಂದೆಯೇ ನಡೆದಿತ್ತು. ಹೊಸದು ಅಂದರೆ ಕೆಳಗಿನ ಆಧಾರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳದ, ಟೇಪ್‌ನಿಂದ ಎಬ್ಬಿಸಿ ತೆಗೆದ ಪದರದಲ್ಲೂ ಅದು ಉಳಿದದ್ದು.

ಪ್ರಮೇಯಕ್ಕೆ ಇದರಿಂದ ಏನೂ ಧಕ್ಕೆ ಇಲ್ಲ. ಎಲ್ಲ ದಿಕ್ಕೂ ಒಂದೇ ಸಮ ಇದ್ದಾಗ ಮಾತ್ರ ಅದು ಅನ್ವಯಿಸುತ್ತದೆ. ನಿಜವಾದ ಹರಳಿನಲ್ಲಿ ದಿಕ್ಕುಗಳು ಸಮ ಇರುವುದೇ ಇಲ್ಲ. ಸ್ಪಿನ್‌ಗೆ ಒಂದು ಇಷ್ಟದ ದಿಕ್ಕು ಇದ್ದೇ ಇರುತ್ತದೆ. ಇದಕ್ಕೆ ಅನಿಸೊಟ್ರೊಪಿ ಅನ್ನುತ್ತಾರೆ.

ತುಂಗೆಯ_ದಡ
ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಆ ಇಷ್ಟದ ದಿಕ್ಕಿನ ಬಲ ಎಷ್ಟಿರಬೇಕು? ಜೆಯ ಸಾವಿರದಲ್ಲಿ ಒಂದು ಪಾಲು ಇದ್ದರೂ ಸಾಕು, ಕ್ಯೂರಿ ತಾಪಮಾನ (ಇದನ್ನು ದಾಟಿದರೆ ಕಾಂತತೆ ಹೋಗುತ್ತದೆ) ಸೊನ್ನೆಯಿಂದ ಎದ್ದು ಎಲ್ಲೋ ಮೇಲೆ ಹೋಗಿ ಕೂರುತ್ತದೆ. ಕಾರಣ, ಅದು ಈ ಅನುಪಾತದ ಲಾಗ್‌ಗೆ ಮಾತ್ರ ಬೆಲೆ ಕೊಡುತ್ತದೆ. ಸಾವಿರದ ಲಾಗ್ ಬರೀ 7. ಬ್ಯಾಂಡರ್ ಮತ್ತು ಮಿಲ್ಸ್ 1988ರಲ್ಲಿ ತೆಳು ಫಿಲ್ಮ್‌ಗಳಿಗೇ ಅಂತ ಈ ಲೆಕ್ಕ ಬರೆದರು. ಎಳೆಬಿಸಿಲು, ನಿಮ್ಮ ಕೋಡ್‌ಗೆ ಒಂದೇ ಸಾಲು ಸೇರಿಸಿ: ಪ್ರತಿ ಸ್ಪಿನ್‌ನ ಮೇಲ್ಮುಖ ಭಾಗದ ವರ್ಗವನ್ನು ಒಂದು ಸಣ್ಣ ಸಂಖ್ಯೆಯಿಂದ ಗುಣಿಸಿ ಶಕ್ತಿಯಿಂದ ಕಳೆಯಿರಿ. ಆಮೇಲೆ ಗಾತ್ರ ಏರಿಸಿ ನೋಡಿ. ಈ ಸಲ ಕಾಂತತೆ ಇಳಿಯದೆ ಒಂದು ಕಡೆ ನಿಲ್ಲುತ್ತದೆ.

ಎಳೆಬಿಸಿಲು
ಸೇರಿಸಿದೆ. ಜೆಯ ಹತ್ತನೇ ಒಂದು ಪಾಲು ಇಟ್ಟು ಓಡಿಸಿದೆ. ಟ್ರಾನ್ಸಿಶನ್ ಎಲ್ಲಿ ಅಂತ ಹುಡುಕಲು ಬೈಂಡರ್ ಕ್ಯುಮುಲೆಂಟ್ (ಕಾಂತತೆಯ ನಾಲ್ಕನೇ ಮತ್ತು ಎರಡನೇ ಘಾತದ ಸರಾಸರಿಗಳನ್ನು ಹೋಲಿಸುವ ಸಂಖ್ಯೆ) ಹಾಕಿದೆ. ಬೇರೆ ಬೇರೆ ಗಾತ್ರದ ಗೆರೆಗಳು ಒಂದೇ ಕಡೆ ಕತ್ತರಿಸುತ್ತವೆ, ಖುಷಿಯಾಯಿತು. ಆದರೆ ಹೆಚ್ಚಿನ ತಾಪಮಾನದಲ್ಲಿ ಅದು ಸೊನ್ನೆಗೆ ಇಳಿಯಬೇಕು ಅಂತ ಓದಿದ್ದೆ. ನನ್ನದು 0.44ಕ್ಕೆ ನಿಂತುಬಿಡುತ್ತದೆ.

ಕೋಡ್_ಕಟ್ಟೆ
ನೀವು ಮೂರೂ ಭಾಗ ಸೇರಿಸಿ ಪೂರ್ತಿ ವೆಕ್ಟರ್‌ನ ಉದ್ದ ತಗೊಂಡಿದ್ದೀರಿ. ಅದಕ್ಕೆ 4/9 ಸರಿಯಾದ ಉತ್ತರ. ಸೊನ್ನೆ ಬರುವುದು ಒಂದೇ ಭಾಗ ಇರುವ ಐಸಿಂಗ್‌ಗೆ. ಮೂರು ಭಾಗಗಳೂ ಗಾಸಿಯನ್ ಆಗಿ ಅಲ್ಲಾಡುವಾಗ ನಾಲ್ಕನೇ ಘಾತದ ಸರಾಸರಿ, ಎರಡನೇ ಘಾತದ ಸರಾಸರಿಯ ವರ್ಗದ 5/3ರಷ್ಟು. ಸೂತ್ರದಲ್ಲಿ ಅದನ್ನು ಮೂರರಿಂದ ಭಾಗಿಸಿ ಒಂದರಿಂದ ಕಳೆದರೆ 4/9, ಅಂದರೆ 0.444. ಈಗ ನಿಮ್ಮ ಮಾದರಿಗೆ ಇಷ್ಟದ ದಿಕ್ಕು ಇರುವುದರಿಂದ ಆ ದಿಕ್ಕಿನ ಭಾಗವನ್ನು ಮಾತ್ರ ತಗೊಂಡು ಹಾಕಿ. ಸೊನ್ನೆಗೆ ಇಳಿಯುತ್ತದೆ, ಕತ್ತರಿಸುವ ಜಾಗ 0.61ರ ಹತ್ತಿರ ಬರುತ್ತದೆ. ಎರಡು ಆಯಾಮದ ಐಸಿಂಗ್‌ನ ಗುರುತು 0.6107.

ಇನ್ನೊಂದು ಮಾತು. ಹೈಸನ್‌ಬರ್ಗ್ ಸ್ಪಿನ್‌ಗೆ ಬರೀ ಮೆಟ್ರೊಪೊಲಿಸ್ (ಒಂದೊಂದೇ ಸ್ಪಿನ್ ಬದಲಿಸಿ, ಶಕ್ತಿ ನೋಡಿ ಸ್ವೀಕರಿಸುವ ಅಥವಾ ಬಿಡುವ ವಿಧಾನ) ಇಟ್ಟುಕೊಂಡರೆ ಟ್ರಾನ್ಸಿಶನ್ ಹತ್ತಿರ ಕೋಡ್ ತೆವಳುತ್ತದೆ. ದಿಕ್ಕುಗಳು ಸಮ ಇರುವ ಮಾದರಿಗೆ ಓವರ್‌ರಿಲ್ಯಾಕ್ಸೇಶನ್ ಸೇರಿಸಿ: ಪ್ರತಿ ಸ್ಪಿನ್ ಅನ್ನು ಸುತ್ತಲಿನವರ ಒಟ್ಟು ಬಾಣದ ಸುತ್ತ 180 ಡಿಗ್ರಿ ತಿರುಗಿಸುವುದು. ಶಕ್ತಿ ಬದಲಾಗದು, ಹಾಗಾಗಿ ರ‍್ಯಾಂಡಮ್ ಸಂಖ್ಯೆಯೂ ಬೇಡ. ಒಂದು ಮೆಟ್ರೊಪೊಲಿಸ್‌ಗೆ ನಾಲ್ಕೈದು ಇದು. ಅನಿಸೊಟ್ರೊಪಿ ಹಾಕಿದ ಮೇಲೆ ಶಕ್ತಿ ಸ್ವಲ್ಪ ಬದಲಾಗುತ್ತದೆ, ಆಗ ಸ್ವೀಕರಿಸಬೇಕೋ ಬೇಡವೋ ಅನ್ನುವ ಪರೀಕ್ಷೆ ಇಡಲೇಬೇಕು. ಐಸಿಂಗ್ ಓಡಿಸುವಾಗ ವೂಲ್ಫ್ ಕ್ಲಸ್ಟರ್ ಬಳಸಿ, ಅದು ಒಂದು ಬೀಜ ಸ್ಪಿನ್‌ನಿಂದ ಗುಂಪು ಬೆಳೆಸಿ ಇಡೀ ಗುಂಪನ್ನು ಒಟ್ಟಿಗೆ ತಿರುಗಿಸುತ್ತದೆ. 1989ರಿಂದ ಇರುವ ದಾರಿ, ಇಪ್ಪತ್ತು ಸಾಲಿನ ಕೋಡ್.

ಪಾಠದ_ಮೇಷ್ಟ್ರು
ಐಸಿಂಗ್ ಹೆಸರು ಬಂದಿದ್ದಕ್ಕೆ ಒಂದು ಅಡ್ಡ ಮಾತು. ಆ ಮಾದರಿ ಯೋಚಿಸಿದವರು ಲೆಂಟ್ಸ್, 1920ರಲ್ಲಿ. ಅವರ ವಿದ್ಯಾರ್ಥಿ ಐಸಿಂಗ್ 1925ರಲ್ಲಿ ಪ್ರಕಟಿಸಿದ್ದು ಒಂದು ಆಯಾಮದ ಉತ್ತರ, ಅಲ್ಲಿ ಟ್ರಾನ್ಸಿಶನ್ ಇಲ್ಲ. ಮೂರು ಆಯಾಮದಲ್ಲೂ ಇರಲಾರದು ಅಂದುಕೊಂಡರು. ಎರಡು ಆಯಾಮದಲ್ಲಿ ಇದ್ದೇ ಇದೆ ಎಂದು ಪಯರ್ಲ್ಸ್ 1936ರಲ್ಲಿ ವಾದಿಸಿದರು. ವಿದ್ಯಾರ್ಥಿಗಳು ಒಂದು ಆಯಾಮದ ಲೆಕ್ಕವನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಹೋಗುತ್ತಾರೆ. ಇಲ್ಲಿ ಒಬ್ಬರು ಕ್ಯುಮುಲೆಂಟ್‌ವರೆಗೆ ಬಂದಿದ್ದಾರೆ, ಸಂತೋಷ.

ಎಳೆಬಿಸಿಲು
ಧನ್ಯವಾದ ಸರ್. ಈಗ ನಿಜವಾದ ಫಿಲ್ಮ್ ಕಡೆಗೆ ಬಂದೆ. ಐಸಿಂಗ್ ಸ್ಪಿನ್‌ಗಳನ್ನೇ ಇಟ್ಟು ಒಂದು, ಎರಡು, ಮೂರು, ನಾಲ್ಕು ಪದರ ಮಾಡಿದೆ. ಅಡ್ಡಡ್ಡ ಎರಡೂ ದಿಕ್ಕಿನಲ್ಲಿ ಅಂಚು ಸುತ್ತಿ ಜೋಡಿಸಿದ್ದೇನೆ, ಮೇಲೆ ಕೆಳಗೆ ಬಿಟ್ಟಿದ್ದೇನೆ. ಕ್ಯೂರಿ ತಾಪಮಾನ ಕ್ರಮವಾಗಿ 2.27, 3.21, 3.64, 3.87 ಬಂತು. ದಪ್ಪ ತುಂಡಿಗೆ 4.51. ದಪ್ಪ ತುಂಡಿಗಿಂತ ಎಷ್ಟು ಕಡಿಮೆ ಅನ್ನುವುದು ಪದರಗಳ ಸಂಖ್ಯೆಯ ಮೈನಸ್ 1.59 ಘಾತಕ್ಕೆ ತಕ್ಕಂತೆ ಇಳಿಯಬೇಕು ಅಂತ ಗೈಡ್ ಹೇಳಿದರು. ಲಾಗ್-ಲಾಗ್ ಹಾಕಿದರೆ ನನಗೆ ಇಳಿಜಾರು 1ರ ಹತ್ತಿರ ಬರುತ್ತಿದೆ. 1.59 ಎಲ್ಲಿ ಹೋಯಿತು?

ತುಂಗೆಯ_ದಡ
ಸಂಖ್ಯೆಗಳು ಸರಿಯಾಗಿವೆ. 1.59 ಅನ್ನುವುದು ಒಂದು ಭಾಗಿಸು ನ್ಯೂ. ನ್ಯೂ ಅಂದರೆ ಟ್ರಾನ್ಸಿಶನ್ ಹತ್ತಿರ ಕೊರಿಲೇಶನ್ ಉದ್ದ ಎಷ್ಟು ಬೇಗ ಬೆಳೆಯುತ್ತದೆ ಅನ್ನುವ ಘಾತ. ಮೂರು ಆಯಾಮದ ಐಸಿಂಗ್‌ಗೆ ನ್ಯೂ 0.63. ಆದರೆ ಆ ನಿಯಮ ನಿಜವಾಗಿ ನಿಲ್ಲುವುದು ಪದರಗಳು ತುಂಬಾ ಇದ್ದಾಗ. ನಾಲ್ಕು ಪದರದಲ್ಲಿ ಎರಡು ಪದರ ಬರೀ ಮೇಲ್ಮೈ, ಒಳಗಿನದು ಎರಡೇ.

ಹೀಗೆ ಮಾಡಿ ನೋಡಿ. ಕಡಿಮೆ ಬಿದ್ದ ಮೊತ್ತಗಳು 2.24, 1.30, 0.87, 0.64. ಪದರ ಸಂಖ್ಯೆಯ ಬದಲು ಪದರ ಸಂಖ್ಯೆಗೆ 1.5 ಸೇರಿಸಿ ಅದರ ಮೈನಸ್ 1.59 ಘಾತ ತಗೊಳ್ಳಿ. ನಾನು ಈಗಷ್ಟೇ ಕಾಗದದ ಮೇಲೆ ಹಾಕಿದೆ. ಎರಡು ಮತ್ತು ನಾಲ್ಕನೇ ಪದರದ ಅಂಕಿ ಇಟ್ಟುಕೊಂಡು ಆ 1.5 ತೆಗೆದೆ. ಅದರಿಂದ ಮೂರು ಪದರಕ್ಕೆ 0.88, ಒಂದು ಪದರಕ್ಕೆ 2.21 ಸಿಗುತ್ತದೆ. ನಿಮ್ಮದು 0.87, 2.24. ಒಂದೇ ಪದರಕ್ಕೂ ಇಷ್ಟು ಹತ್ತಿರ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ! ಆ 1.5ರ ಅರ್ಥ: ಕಾಂತತೆ ಮೇಲ್ಮೈಗೆ ಬಂದ ಕೂಡಲೇ ಸೊನ್ನೆ ಆಗುವುದಿಲ್ಲ. ಗೆರೆಯನ್ನು ಮುಂದಕ್ಕೆ ಎಳೆದರೆ ಪ್ರತಿ ಕಡೆ ಸುಮಾರು ಮುಕ್ಕಾಲು ಪದರದಷ್ಟು ಹೊರಗೆ ಹೋಗಿ ಸೊನ್ನೆ ಆಗುತ್ತದೆ. ಫಿಲ್ಮ್ ತನ್ನ ಲೆಕ್ಕಕ್ಕೆ ಸ್ವಲ್ಪ ದಪ್ಪವೇ.

ನಾಲ್ಕು ಅಂಕಿಗೆ ಒಂದು ತಿದ್ದುಪಡಿ ಸೇರಿಸಿ ಹೊಂದಿಸಿದರೆ ಸಾಧನೆ ಆಗಲ್ಲ. 8, 12, 16 ಪದರ ಓಡಿಸಿ ಆಮೇಲೆ ಗೈಡ್‌ಗೆ ತೋರಿಸಿ.

ಸುಮ್ನೆ_ಓದುಗ
ತೆಳುವಾದರೆ ಕ್ಯೂರಿ ತಾಪಮಾನ ಯಾಕೆ ಇಳಿಯುತ್ತದೆ ಅನ್ನುವುದೇ ನನಗೆ ಗೊತ್ತಾಗಲಿಲ್ಲ.

ಪಾಠದ_ಮೇಷ್ಟ್ರು
ಅರ್ಧ ಉತ್ತರ ಸುಲಭ. ದಪ್ಪ ತುಂಡಿನ ಒಳಗೆ ಪ್ರತಿ ಸ್ಪಿನ್‌ಗೆ ಆರು ನೆರೆಯವರು. ಒಂದೇ ಪದರವಾದರೆ ನಾಲ್ಕು. ಸಾಲಾಗಿ ನಿಲ್ಲು ಅಂತ ಹೇಳುವವರು ಕಡಿಮೆ, ಸ್ವಲ್ಪ ಬಿಸಿಗೇ ಸಾಲು ಮುರಿಯುತ್ತದೆ. ನೆರೆಯವರ ಸರಾಸರಿ ಮಾತ್ರ ನೋಡುವ ಮೀನ್ ಫೀಲ್ಡ್ ಲೆಕ್ಕದಲ್ಲಿ ಒಂದು ಪದರಕ್ಕೆ ದಪ್ಪ ತುಂಡಿನ 67 ಶೇಕಡಾ ಉಳಿಯಬೇಕು. ಆದರೆ 2.27 ಅನ್ನು 4.51ರಿಂದ ಭಾಗಿಸಿ, ಬರೀ 50 ಶೇಕಡಾ. ಉಳಿದದ್ದನ್ನು ತಿಂದದ್ದು ಏರಿಳಿತ. ಆಯಾಮ ಕಡಿಮೆಯಾದಷ್ಟೂ ಅದರ ಕಾಟ ಜಾಸ್ತಿ.

ನಿರ್ವಾತ_ಕೋಣೆ
ಮೇಷ್ಟ್ರ ಮಾತಿಗೆ ಒಂದು ತಕರಾರು. ಇದು ಎಲ್ಲ ಜೋಡಿಗೂ ಒಂದೇ ಜೆ ಇದ್ದಾಗ. ಐರನ್ ಫಾಸ್ಫರಸ್ ಟ್ರೈಸಲ್ಫೈಡ್ ತಗೊಳ್ಳಿ. ಅದು ಆಂಟಿಫೆರೊಮ್ಯಾಗ್ನೆಟ್ (ಸ್ಪಿನ್‌ಗಳು ಎದುರುಬದುರು ತಿರುಗಿ ಒಟ್ಟು ಕಾಂತತೆ ಸೊನ್ನೆ ಆಗುವಂಥದ್ದು), ಸ್ಪಿನ್‌ಗಳು ಐಸಿಂಗ್ ಥರ. 2016ರಲ್ಲಿ ಅದನ್ನು ಒಂದೇ ಪದರಕ್ಕೆ ಇಳಿಸಿ ನೋಡಿದರು. ಟ್ರಾನ್ಸಿಶನ್ ಸುಮಾರು 118 ಕೆಲ್ವಿನ್, ದಪ್ಪ ಹರಳಿನಲ್ಲೂ ಅಷ್ಟೇ, ಒಂದು ಪದರದಲ್ಲೂ ಹೆಚ್ಚುಕಡಿಮೆ ಅಷ್ಟೇ. ಪದರಗಳ ನಡುವಿನ ಸಂಬಂಧ ಅಷ್ಟು ದುರ್ಬಲ. ಹಾಗಾಗಿ ದಪ್ಪ ಹರಳಿದ್ದಾಗಲೇ ಅದು ಬೇರೆ ಬೇರೆ ಹಾಳೆಗಳ ಕಟ್ಟು. ಅದರ ದಾಯಾದಿ ನಿಕಲ್ ಫಾಸ್ಫರಸ್ ಟ್ರೈಸಲ್ಫೈಡ್‌ನಲ್ಲಿ ಸ್ಪಿನ್‌ಗಳು ಹಾಳೆಯ ಒಳಗೇ ತಿರುಗುವ ಎಕ್ಸ್‌ವೈ ಥರ. ಅಲ್ಲಿ ಒಂದೇ ಪದರಕ್ಕೆ ಬಂದಾಗ ಕ್ರಮ ಅಡಗಿಹೋಗುತ್ತದೆ. ಕಟ್ಟೋಣ ಒಂದೇ, ಇಷ್ಟದ ದಿಕ್ಕು ಬೇರೆ, ಹಣೆಬರಹವೂ ಬೇರೆ. ಹಾಗಾಗಿ ಪದರ ಎಷ್ಟು ಅಂತ ಎಣಿಸಿ ಇದು ಎರಡು ಆಯಾಮ, ಇದು ಮೂರು ಆಯಾಮ ಅನ್ನುವ ಅಭ್ಯಾಸ ನನಗೆ ಒಗ್ಗಲ್ಲ.

ತುಂಗೆಯ_ದಡ
ನಾನೂ ಅದನ್ನೇ ಹೇಳಬೇಕೆಂದಿದ್ದೆ. ಒಂದೇ ಫಿಲ್ಮ್ ಒಂದು ತಾಪಮಾನದಲ್ಲಿ ಮೂರು ಆಯಾಮದ್ದು, ಇನ್ನೊಂದರಲ್ಲಿ ಎರಡು ಆಯಾಮದ್ದು. ಕ್ಯೂರಿ ತಾಪಮಾನದಿಂದ 10 ಶೇಕಡಾ ದೂರ ಇದ್ದಾಗ ಕೊರಿಲೇಶನ್ ಉದ್ದ ಸುಮಾರು ಐದು ಪದರದಷ್ಟು. 4 ಶೇಕಡಾ ದೂರಕ್ಕೆ ಬಂದರೆ ಸುಮಾರು ಹತ್ತು, 1 ಶೇಕಡಾಕ್ಕೆ ಇಪ್ಪತ್ತೈದು. (0.7ನೇ ಘಾತ ಹಿಡಿದು ಹಾಕಿದ ಒರಟು ಅಂದಾಜು.) ಹತ್ತು ಪದರದ ಫಿಲ್ಮ್ ಆದರೆ 4 ಶೇಕಡಾದ ಆಚೆ ಅದಕ್ಕೆ ತನ್ನ ದಪ್ಪ ಮುಗಿಯುತ್ತದೆ ಅನ್ನುವುದೇ ಗೊತ್ತಿಲ್ಲ. ಈಚೆ ಬಂದಾಗ ಮೇಲಿನಿಂದ ಕೆಳಗಿನವರೆಗೆ ಎಲ್ಲ ಸ್ಪಿನ್ ಒಟ್ಟಿಗೆ ತೂಗುತ್ತವೆ, ಎರಡು ಆಯಾಮ ಶುರು.

ಟಂಗ್‌ಸ್ಟನ್ ಮೇಲಿನ ನಿಕಲ್‌ನಲ್ಲಿ ಲೀ ಮತ್ತು ಬಾಬರ್ಶ್‌ಕೆ 1992ರಲ್ಲಿ ಅಳೆದದ್ದು ಈ ದಾಟುವಿಕೆಯನ್ನೇ. ತೆಳು ಫಿಲ್ಮ್‌ಗಳಲ್ಲಿ ಬೀಟಾ 1/8ರ ಹತ್ತಿರ, ಐದಾರು ಪದರ ದಾಟಿದ ಮೇಲೆ ಮೂರು ಆಯಾಮದ ಬೆಲೆಯ ಕಡೆಗೆ ಜಿಗಿಯುತ್ತದೆ. ಬೀಟಾ ಅಂದರೆ ಕಾಂತತೆ ಸೊನ್ನೆಗೆ ಎಷ್ಟು ಕಡಿದಾಗಿ ಬೀಳುತ್ತದೆ ಅನ್ನುವ ಘಾತ. ಎರಡು ಆಯಾಮದ ಐಸಿಂಗ್‌ಗೆ 0.125, ಮೂರು ಆಯಾಮದ ಐಸಿಂಗ್‌ಗೆ ಸುಮಾರು 0.326, ಹೈಸನ್‌ಬರ್ಗ್‌ಗೆ ಸುಮಾರು 0.365.

ಎಳೆಬಿಸಿಲು
ಹಾಗಾದರೆ ಬೀಟಾ 0.23 ಅಂತ ಬಂದರೆ ಏನರ್ಥ? ಕೆಲವು ಪೇಪರ್‌ಗಳಲ್ಲಿ ನೋಡಿದೆ. ಎರಡರ ನಡುವೆ ಸಿಕ್ಕಿಹಾಕಿಕೊಂಡಿದೆ ಅಂತಾನಾ?

ತುಂಗೆಯ_ದಡ
ಅಲ್ಲ. ಅದು ಎಕ್ಸ್‌ವೈ ಮಾದರಿಯ ಸಹಿ. ಸ್ಪಿನ್ ಸಮತಲದ ಒಳಗೆ ಮಾತ್ರ ತಿರುಗುವ ಎರಡು ಆಯಾಮದ ಮಾದರಿಯಲ್ಲಿ ನಿಜವಾದ ಕಾಂತತೆ ಇಲ್ಲ. ಆದರೆ ಸುಮಾರು 0.89 ಜೆ ತಾಪಮಾನದಲ್ಲಿ ಬೇರೆ ಥರದ ಟ್ರಾನ್ಸಿಶನ್ ಇದೆ. ಅದರ ಕೆಳಗೆ ಸುಳಿಗಳು (ಒಂದು ಬಿಂದುವಿನ ಸುತ್ತ ಸ್ಪಿನ್‌ಗಳು ಸುತ್ತಿಕೊಂಡ ವಿನ್ಯಾಸಗಳು) ಜೋಡಿ ಜೋಡಿಯಾಗಿ ಇರುತ್ತವೆ, ಮೇಲೆ ಬಿಡಿ ಬಿಡಿಯಾಗುತ್ತವೆ. ಬೆರೆಜಿನ್‌ಸ್ಕಿ, ಕಾಸ್ಟರ್ಲಿಟ್ಸ್, ಥೌಲೆಸ್ ಕಂಡುಹಿಡಿದದ್ದು ಇದನ್ನೇ. ಕೊನೆಯ ಇಬ್ಬರಿಗೆ 2016ರಲ್ಲಿ ನೊಬೆಲ್ ಬಂತು. ಬೆರೆಜಿನ್‌ಸ್ಕಿ ಆಗ ಬದುಕಿರಲಿಲ್ಲ. ಮಾದರಿಯ ಗಾತ್ರಕ್ಕೆ ಮಿತಿ ಇದ್ದರೆ ಕಾಂತತೆ ಇದ್ದ ಹಾಗೇ ಕಾಣುತ್ತದೆ. ನಿಮ್ಮ ಮೊದಲ ಪ್ರಶ್ನೆಯ ಅಣ್ಣ ಇದು. ಆ ಹುಸಿ ಕಾಂತತೆ ಬೀಳುವ ಘಾತ 3 ಪೈ ವರ್ಗ ಭಾಗಿಸು 128, ಅಂದರೆ 0.231 ಎಂದು ಬ್ರಾಮ್‌ವೆಲ್ ಮತ್ತು ಹೋಲ್ಡ್ಸ್‌ವರ್ತ್ 1993ರಲ್ಲಿ ತೋರಿಸಿದರು. 2021ರಲ್ಲಿ ಗ್ರ್ಯಾಫೀನ್ ಮೇಲೆ ಬೆಳೆಸಿದ ಒಂದು ಪದರದ ಕ್ರೋಮಿಯಂ ಟ್ರೈಕ್ಲೋರೈಡ್‌ನಲ್ಲೂ 0.23ರ ಹತ್ತಿರವೇ ಸಿಕ್ಕಿತು.

ನಿರ್ವಾತ_ಕೋಣೆ
ಬೀಟಾ ಅಂಕಿ ನೋಡಿದ ಕೂಡಲೇ ಮರುಳಾಗಬೇಡಿ. ಕ್ಯೂರಿ ತಾಪಮಾನವನ್ನು 1 ಶೇಕಡಾ ಆಚೀಚೆ ಇಟ್ಟರೆ ಬೀಟಾ ಬೇಕಾದ ಹಾಗೆ ಬದಲಾಗುತ್ತದೆ. ಮೇಲಾಗಿ ಫಿಲ್ಮ್ ಎಲ್ಲ ಕಡೆ ಒಂದೇ ದಪ್ಪ ಇರಲ್ಲ. ಐದು ಪದರ ಅಂತ ಬರೆದ ಜಾಗದಲ್ಲಿ ನಾಲ್ಕೂ ಇರುತ್ತದೆ, ಆರೂ ಇರುತ್ತದೆ. ಪ್ರತಿಯೊಂದಕ್ಕೂ ಬೇರೆ ಕ್ಯೂರಿ ತಾಪಮಾನ. ಗ್ರಾಫ್‌ನ ಕೊನೆಗೆ ಒಂದು ಬಾಲ ಉಳಿಯುತ್ತದೆ. ಆ ಬಾಲವನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರ ಮೇಲೆ ನಿಮ್ಮ ಮಾದರಿ ನಿರ್ಧಾರವಾಗುತ್ತದೆ!

ಇದಕ್ಕೇ 1995ರ ಕಬ್ಬಿಣ-ಟಂಗ್‌ಸ್ಟನ್ ಕೆಲಸವನ್ನು ಅಷ್ಟು ಹೊಗಳುವುದು. ಕಾಂತತೆ, ಸಸೆಪ್ಟಿಬಿಲಿಟಿ (ತೀರಾ ಸಣ್ಣ ಫೀಲ್ಡ್‌ಗೆ ಕಾಂತತೆ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ), ಹೊರಗಿನ ಫೀಲ್ಡ್‌ಗೆ ಉತ್ತರ, ಎಲ್ಲವನ್ನೂ ಅಳೆದು ಒಂದೇ ಗೆರೆಯ ಮೇಲೆ ಕೂರಿಸಿದರು. ಎಲ್ಲವೂ ಎರಡು ಆಯಾಮದ ಐಸಿಂಗ್‌ಗೆ ಹೊಂದಿತು. ಅಲ್ಲಿ ಇಷ್ಟದ ದಿಕ್ಕು ಇದ್ದದ್ದು ಫಿಲ್ಮ್‌ನ ಸಮತಲದ ಒಳಗೆ. ಐಸಿಂಗ್ ಅಂದರೆ ಬಾಣ ಮೇಲೆ ಕೆಳಗೆ ಇರಲೇಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಒಂದು ಅಕ್ಷ ಇದ್ದರೆ ಸಾಕು, ಎತ್ತ ಕಡೆಗಾದರೂ ಇರಲಿ.

ಸುಮ್ನೆ_ಓದುಗ
ಆ ಕೆಲಸದ ಬಗ್ಗೆ ಹುಡುಕಿದೆ. 1.7 ಪದರ ಅಂತ ಬರೆದಿದೆ. ಪದರ ದಶಮಾಂಶದಲ್ಲಿ ಹೇಗಿರುತ್ತದೆ?

ನಿರ್ವಾತ_ಕೋಣೆ
ಮೊದಲ ಪದರ ಪೂರ್ತಿ, ಎರಡನೆಯದು 70 ಶೇಕಡಾ ಮುಚ್ಚಿದೆ ಅಂತ ಅರ್ಥ. ಕೂರಿಸಿದ ಪರಮಾಣುಗಳ ಸರಾಸರಿ ಲೆಕ್ಕ.

ಎಳೆಬಿಸಿಲು
ಹಾಗಾದರೆ ನಾನು ಎರಡನೇ ಪದರದಿಂದ 30 ಶೇಕಡಾ ಸ್ಪಿನ್‌ಗಳನ್ನು ಯಾದೃಚ್ಛಿಕವಾಗಿ ತೆಗೆದು ಓಡಿಸಿದರೆ ಆ ಫಿಲ್ಮ್ ಸಿಗುತ್ತದಾ?

ನಿರ್ವಾತ_ಕೋಣೆ
ಇಲ್ಲ. ನಿಜವಾದ ಫಿಲ್ಮ್‌ನಲ್ಲಿ ಪರಮಾಣುಗಳು ಬಿಡಿ ಬಿಡಿಯಾಗಿ ಕೂರುವುದಿಲ್ಲ. ಓಡಾಡಿ, ಒಂದಕ್ಕೊಂದು ಅಂಟಿ, ದ್ವೀಪಗಳಾಗುತ್ತವೆ. ದ್ವೀಪದ ಒಳಗೆ ಎರಡು ಪದರ, ಹೊರಗೆ ಒಂದು.

ತುಂಗೆಯ_ದಡ
ಎರಡನ್ನೂ ಮಾಡಿ, ಹೋಲಿಸಿ. ಪ್ರಾಜೆಕ್ಟ್‌ಗೆ ಅದೇ ಒಂದು ಅಧ್ಯಾಯ ಆಗುತ್ತದೆ. ಒಂದು ಎಚ್ಚರ ಅಷ್ಟೇ: ಬರೀ ಒಂದು ಪದರ ಇಟ್ಟುಕೊಂಡು ಯಾದೃಚ್ಛಿಕವಾಗಿ ತೆಗೆಯುತ್ತಾ ಹೋದರೆ, ಚೌಕ ಲ್ಯಾಟಿಸ್‌ನಲ್ಲಿ 59.3 ಶೇಕಡಾಕ್ಕಿಂತ ಕಡಿಮೆ ಉಳಿದಾಗ ಈ ತುದಿಯಿಂದ ಆ ತುದಿಗೆ ದಾರಿಯೇ ಇರಲ್ಲ, ಕಾಂತತೆಯೂ ಇರಲ್ಲ. ಕೆಳಗೆ ಪೂರ್ತಿ ಪದರ ಇದ್ದರೆ ಆ ಭಯ ಇಲ್ಲ. ದ್ವೀಪ ಮಾಡುವಾಗ ಅದರ ಅಗಲವನ್ನು 4, 8, 16 ಅಂತ ಬದಲಿಸಿ. ಅಗಲ ಜಾಸ್ತಿಯಾದಂತೆ ಸಸೆಪ್ಟಿಬಿಲಿಟಿಯ ಶಿಖರ ಅಗಲವಾಗುತ್ತದಾ, ಎರಡಾಗಿ ಒಡೆಯುತ್ತದಾ ನೋಡಿ ಇಲ್ಲೇ ಗ್ರಾಫ್ ಹಾಕಿ.

ಕೋಡ್_ಕಟ್ಟೆ
ದ್ವೀಪದ ಕೋಡ್‌ಗೆ ನೆರೆಹೊರೆ ಪಟ್ಟಿಯನ್ನು ಮೊದಲೇ ಒಂದು ಸಲ ಕಟ್ಟಿ ಇಟ್ಟುಕೊಳ್ಳಿ. ಖಾಲಿ ಜಾಗವನ್ನು ಸೊನ್ನೆ ಸ್ಪಿನ್ ಅಂತ ಇಟ್ಟು ಓಡಿಸಿದರೆ ವೂಲ್ಫ್ ಕ್ಲಸ್ಟರ್ ಅದರ ಮೇಲೆ ಬೀಜ ಹಾಕಿ ಸುಮ್ನೆ ಸಮಯ ತಿನ್ನುತ್ತದೆ. ಜೊತೆಗೆ ಒಂದೇ ದ್ವೀಪ ವಿನ್ಯಾಸ ಸಾಲದು. ಬೇರೆ ಬೇರೆ ವಿನ್ಯಾಸಗಳ ಸರಾಸರಿ ಬೇಕು.

ಎಳೆಬಿಸಿಲು
ಸರಿ ಸರ್. 64×64ರಿಂದ ಶುರು ಮಾಡುತ್ತೇನೆ, ಕಾಲೇಜಿನ ಕಂಪ್ಯೂಟರ್ ರಾತ್ರಿ ಖಾಲಿ ಇರುತ್ತದೆ. ಮೊದಲು 8 ಮತ್ತು 12 ಪದರದ ಬಾಕಿ ಮುಗಿಸಿ ಆ 1.5 ನಿಲ್ಲುತ್ತದಾ ಅಂತ ಹೇಳುತ್ತೇನೆ.